ಬೀಡಿ ಸೇದದ ಭರಮಣ್ಣ

"ಅಲ್ಲೇ ನಿಂತ್ಕಳ್ರಿ. ಒಳಗೆ ಬರಬ್ಯಾಡ್ರಿ," ಎಂದಳು ದುರುಗವ್ವ.

ಹರಿಹರದ ಹೊಳೆದಂಡೆಯ ಗುಡಿಸಲ ಮುಂದೆ ಕರಿಬಸವರಾಜ ನಿಂತುಬಿಟ್ಟ. ದಾವಣಗೆರೆಯ ಹತ್ತಿ ಗಿರಣಿಯ ಬೆಳ್ಳಿಹಬ್ಬಕ್ಕೆ ಚರಿತ್ರೆ ಬರೆದುಕೊಡಲು ಮಾಲೀಕ ತೋಟಪ್ಪ ಗೊತ್ತುಮಾಡಿದ್ದ ಹಂಗಾಮಿ ಕಾಲೇಜು ಅಧ್ಯಾಪಕ ಅವನು. ಗಿರಣಿಗೆ ಹಿಂದೊಮ್ಮೆ ಬೆಂಕಿ ಬಿದ್ದಿತ್ತು. ಭರಮಣ್ಣನೆಂಬ ಕೂಲಿ ಬೀಡಿ ಸೇದಿ ಕಿಡಿ ತಾಗಿಸಿ ತಾನೂ ಸತ್ತನೆಂದು ಜಿಲ್ಲೆಯ ಕೈಪಿಡಿಯೊಂದು ಹೇಳುತ್ತಿತ್ತು. ಕೈಪಿಡಿ ಆ ಸಾಲನ್ನು ಗಿರಣಿಯ ಹಳೆಯ ಸ್ಮರಣ ಸಂಚಿಕೆಯಿಂದ ಎತ್ತಿತ್ತು, ಸಂಚಿಕೆ ಪತ್ರಿಕೆಯಿಂದ. ಪತ್ರಿಕೆ ಹುಡುಕಿ ತೆಗೆದರೆ ಅಲ್ಲಿದ್ದದ್ದು 'ಮಾಲೀಕರು ತಿಳಿಸಿದಂತೆ'. ಎಲ್ಲ ಕಡೆಯೂ ಒಂದೇ ಬಾಯಿಯ ಮಾತು! ಕಣ್ಣಾರೆ ಕಂಡವರನ್ನು ವಿಚಾರಿಸುತ್ತ ಸತ್ತವನ ಹೆಂಡತಿ ದುರುಗವ್ವನ ತನಕ ಬಂದಿದ್ದ.

"ಇಪ್ಪತ್ತೆರಡು ವರ್ಷ ಆತು. ಒಬ್ರಾದ್ರೂ ಕೇಳಿದ್ರಾ? ಈಗ ಯಾಕ ಬಂದ್ರಿ?"

"ನಿಮ್ಮ ಬಾಯಿಂದನೇ ಕೇಳಾಣ ಅಂತ ಬಂದೆ, ಅವ್ವಾ."

"ಅವ್ವ ಗಿವ್ವ ಬ್ಯಾಡ. ಬರ್ಕಳ್ರಿ. ನನ್ ಗಂಡ ಬೀಡಿ ಮುಟ್ಟಿದೋನಲ್ಲ, ಹೊಗೆ ಕಂಡ್ರೆ ಕೆಮ್ಮತಿದ್ದ. ನಾನೂ ಅಲ್ಲೇ ಹತ್ತಿ ಆರಿಸ್ತಿದ್ದೆ. ಕದೀತೀವಂತ ಹೊರಗಿಂದ ಬೀಗ ಜಡೀತಿದ್ರು. ಬೆಂಕಿ ಹತ್ತಿದಾಗ ನನ್ನನ್ನ ಕಿಟಕಿಯಾಗಿಂದ ಆಚೆಗೆ ನೂಕಿದ. ಅವ್ನ ಮೈ ಅದ್ರಾಗೆ ತೂರ್ಲಿಲ್ಲ."

ಬರೆದದ್ದನ್ನು ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿ, ಮುಖ ತಿರುಗಿಸಿ ಒಳಗೆ ಹೋದಳು.

ಮರುದಿನ ತೋಟಪ್ಪ ಹಾಳೆಯನ್ನು ಓದಿ ಮೇಜಿನ ಮೇಲೆ ಎಸೆದ.

"ಅಚ್ಚಾಗಿರೋದು ಬಿಟ್ಟು ಈ ಹೆಂಗ್ಸಿನ ಮಾತು ತಂದೀರಲ್ರಿ ಮೇಷ್ಟ್ರೇ! ಇದು ದಾಖಲೆ ಏನ್ರಿ?"

"ಅಚ್ಚಾಗಿರೋದೆಲ್ಲ ನಿಮ್ಮ ಮಾತೇ. ಆಕೆ ಒಳಗಿದ್ಲು. ನೀವೆಲ್ಲಿದ್ರಿ?"

ತೋಟಪ್ಪನ ಕಿವಿ ಕೆಂಪಾದವು. "ಬೊಂಬಾಯಿಗೆ ಹೋಗಿದ್ದೆ," ಎಂದ. ಆಮೇಲೆ ದನಿ ತಗ್ಗಿಸಿ, "ನಿಮ್ಮ ಕಾಲೇಜು ಕಮಿಟಿಯಾಗೆ ನಾನೂ ಅದೀನಿ. ಬೀಡಿ ಅಂತ ಬರೀರಿ, ಇಲ್ಲಾಂದ್ರೆ ಎದ್ದು ಹೋಗ್ರಿ."

ಕರಿಬಸವರಾಜನ ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಆದರೂ ಅವನು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದ.

ಬೆಳ್ಳಿಹಬ್ಬದ ಪುಸ್ತಕವನ್ನು ಬೇರೊಬ್ಬರು ಬರೆದರು. ಅದರಲ್ಲೂ ಬೀಡಿಯೇ ಉರಿಯಿತು. ಬೇಸಿಗೆ ರಜೆ ಮುಗಿದಾಗ ಕಾಲೇಜು ಕರಿಬಸವರಾಜನನ್ನು ಮತ್ತೆ ಕರೆಯಲಿಲ್ಲ. ಅವನು ಆ ಹಾಳೆಗೆ ರಟ್ಟು ಕಟ್ಟಿಸಿ ಊರ ವಾಚನಾಲಯಕ್ಕೆ ಕೊಟ್ಟ. ಗ್ರಂಥಪಾಲಕ ಪಂಚಾಕ್ಷರಪ್ಪ ರಿಜಿಸ್ಟರು ಬಿಚ್ಚಿ, ಹಾಳೆಯ ತುದಿಯ ಹೆಬ್ಬೆಟ್ಟನ್ನು ನೋಡಿ ತಡೆದ.

"ಬರೆದೋರು ಅಂತ ಯಾರ ಹೆಸರು ಹಾಕ್ಲಿ, ನಿಮ್ಮದಾ?"

"ಬ್ಯಾಡ್ರಿ. ದುರುಗವ್ವ ಅಂತ ಹಾಕ್ರಿ."

ಪಂಚಾಕ್ಷರಪ್ಪ ಲೇಖನಿಯನ್ನು ದೌತಿಯಲ್ಲಿ ಅದ್ದಿ, ಆಕೆಯ ಹೆಸರಿನ ಒತ್ತಕ್ಷರ ಮಸುಕಾಗದಂತೆ ಉಸಿರು ಹಿಡಿದು ಬರೆದ.