ಮಲಗಿದ ರಾಕ್ಷಸ

ಅಪ್ಪ ಹಾರ್ಮೋನಿಯಂ ರಿಪೇರಿ ಮಾಡುವವನು, ಅಕ್ಕ ಮಾತಿನಮಲ್ಲಿ, ಗುಬ್ಬಿ ಕಿರಿಯವಳು. ಮಕ್ಕಳೂ ಹೆತ್ತವರೂ ಒಟ್ಟಿಗೆ ಕೂತು ಕೇಳುವ ಕಥೆ-ಸಂಗೀತದ ಕಾರ್ಯಕ್ರಮ ಇವರದು. ಅಕ್ಕ ಪರದೆಯ ಮುಂದೆ ಕಥೆ ಹೇಳುತ್ತಿದ್ದಳು, ಗುಬ್ಬಿ ಹಿಂದೆ ಕೂತು ನುಡಿಸುತ್ತಿದ್ದಳು. ಅಕ್ಕನ ಮಡಿಲಲ್ಲಿದ್ದ ಹಾರ್ಮೋನಿಯಂ ಬರೀ ತೋರಿಕೆಯದು. ಅದರೊಳಗೆ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನೆಲ್ಲ ಅಪ್ಪ ಯಾವತ್ತೋ ಬಿಚ್ಚಿ ತೆಗೆದಿದ್ದ. ಅಕ್ಕ ತಿದಿ ಒತ್ತಿದಂತೆ ಮಾಡಿದರೆ ಸಾಕು, ಸ್ವರ ಹಿಂದಿನಿಂದ ಬರುತ್ತಿತ್ತು. ಕಥೆ ಬರೆದವಳೂ ಗುಬ್ಬಿಯೇ. ಬರೆದವರು ಯಾರೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿಕೊಂಡಿರಲಿಲ್ಲ.

ಈ ಸಲ ಮಾತ್ರ ಬಾಯಿಬಿಟ್ಟು ಕೇಳಿದ್ದಳು. ಕೊನೆಗೆ ರಾಕ್ಷಸನ ದನಿಯಾಗಿ ಅಕಾರ್ಡಿಯನ್ ಬರುವಾಗ ಪರದೆ ಸರಿಸಬೇಕು, ತಾನು ಎಲ್ಲರೆದುರು ನಿಂತು ನುಡಿಸಬೇಕು.

"ಹಾಲಿನವನು ಮಾತಾಡಿಸಿದ್ರೇ ಬೆವರ್ತೀಯ. ಅಷ್ಟು ಜನದ ಮುಂದೆ ಹೇಗೆ ನಿಲ್ತೀಯೇ?" ಅಂದಿದ್ದಳು ಅಕ್ಕ.

"ಬೆವರ್ಕೊಂಡೇ ನುಡಿಸ್ತೀನಿ."

"ಆಗ್ಲಿ ತಾಯಿ. ಅಪ್ಪನಿಗೆ ಹೇಳ್ತೀನಿ, ಪರದೆ ಎಳೀತಾನೆ."

ಕಾರ್ಯಕ್ರಮ ಚೆನ್ನಾಗಿಯೇ ರಂಗೇರಿತು. ಹಾರ್ಮೋನಿಯಂ ಗೊಣಗುವ ಅಜ್ಜಿಯಾಯಿತು. ಮೌತ್ ಆರ್ಗನ್, ಉಸಿರು ಬಿಟ್ಟರೂ ಎಳೆದರೂ ವಟಗುಟ್ಟುವ ಮೊಮ್ಮಗಳಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಗುಬ್ಬಿ ಅಕಾರ್ಡಿಯನ್ನಿನ ಪಟ್ಟಿಗೆ ಹೆಗಲು ಕೊಟ್ಟು ಎದ್ದು ನಿಂತಳು. ಅಂಗೈ ಒದ್ದೆಯಾಗಿತ್ತು, ಲಂಗಕ್ಕೆ ಒರೆಸಿಕೊಂಡಳು.

ಅಷ್ಟರಲ್ಲಿ ಮುಂದಿನ ಸಾಲಿನ ಪುಟಾಣಿಯೊಬ್ಬಳು ಪರದೆಯ ಕೆಳಗಿನ ಸಂದಿಗೆ ಬೆರಳು ತೋರಿಸಿದಳು. "ಆಂಟಿ, ಅಲ್ಲಿ ಯಾರದೋ ಕಾಲಿದೆ. ಹಿಂದೆ ಯಾರಿದ್ದಾರೆ?"

"ಯಾರೂ ಇಲ್ಲ ಚಿನ್ನ," ಅಂದಳು ಅಕ್ಕ, ತಡವರಿಸದೆ. "ಬರೀ ಗಾಳಿ."

ಸಭೆ ನಕ್ಕಿತು. ಗುಬ್ಬಿ ಅಪ್ಪನ ಕಡೆ ನೋಡಿದಳು. ಪರದೆಯ ಹಗ್ಗ ಅವನ ಕೈಯಲ್ಲೇ ಇತ್ತು, ಕಣ್ಣು ಮಾತ್ರ ಅಕ್ಕನ ಮೇಲೆ.

"ಆಗ ಬಂದ ನೋಡಿ, ಗಾಳಿಯನ್ನೆಲ್ಲ ನುಂಗಿದ ರಾಕ್ಷಸ," ಅಂದಳು ಅಕ್ಕ. ಪರದೆ ಅಲುಗಲಿಲ್ಲ. "ಬಂದೇ ಬಂದ ರಾಕ್ಷಸ," ಅಂದಳು ಮತ್ತೆ.

"ನುಡ್ಸೇ," ಅಪ್ಪ ಪಿಸುಗುಟ್ಟಿದ.

"ಪರದೆ, ಅಪ್ಪ."

"ಎಷ್ಟು ಚೆನ್ನಾಗಿ ನಡೀತಿದೆ. ಈಗ ಕೆಡಿಸ್ಬೇಡ."

ಅಕಾರ್ಡಿಯನ್ನಿನಲ್ಲಿ ಒಂದು ಗುಂಡಿಯಿದೆ. ಅದನ್ನು ಒತ್ತಿ ಹಿಡಿದರೆ ಗಾಳಿ ರೀಡುಗಳನ್ನು ಮುಟ್ಟದೆ ಹೋಗಿಬರುತ್ತದೆ. ಗುಬ್ಬಿ ಅದನ್ನೊತ್ತಿ ತಿದಿ ಎಳೆದಳು. ಸ್ವರವಿಲ್ಲ, ಬರೀ ಉಸಿರು. ತಿದಿ ಒತ್ತಿದಳು, ಮತ್ತೆ ಬರೀ ಉಸಿರು. ಬಾಯಿ ಕಟ್ಟಿ ನಿಲ್ಲಲಿ ಅಕ್ಕನೂ ಒಂದು ಸಲ, ಅಂದುಕೊಂಡಳು. ಪರದೆಯ ಆಚೆ ಅಕ್ಕನ ಮಾತು ನಿಜಕ್ಕೂ ನಿಂತಿತು. ಗುಬ್ಬಿ ಗುಂಡಿ ಬಿಡಲಿಲ್ಲ.

"ಶ್," ಅಂದಳು ಅಕ್ಕ, ಮೆಲ್ಲಗೆ. "ಕೇಳಿಸ್ತಾ ಉಸಿರು? ಗಾಳಿ ಕುಡಿದು ಹೊಟ್ಟೆ ತುಂಬಿ ಮಲಗಿಬಿಟ್ಟಿದ್ದಾನೆ ಪಾಪ. ಎಬ್ಬಿಸೋದು ಬೇಡ. ಎಲ್ಲರೂ ತುದಿಗಾಲಲ್ಲಿ ಮನೆಗೆ ಹೋಗೋಣ್ವಾ?"

ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಎದ್ದರು. ಅಪ್ಪಂದಿರು, ಅಮ್ಮಂದಿರು ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳರ ಹಾಗೆ ಹೆಜ್ಜೆಯಿಟ್ಟರು. ಸಭಾಂಗಣ ಸದ್ದಿಲ್ಲದೆ ಖಾಲಿಯಾಯಿತು. ತಿದಿ ನಿಲ್ಲಿಸಲು ಗುಬ್ಬಿಗೆ ಕೈ ಬರಲಿಲ್ಲ.

ಬಾಗಿಲು ಹಾಕಿಕೊಂಡ ಮೇಲೆ ಅಕ್ಕ ಪರದೆ ಸರಿಸಿ ಒಳಗೆ ಬಂದಳು. ಮುಖ ಅರಳಿತ್ತು. "ಎಲ್ಲಿತ್ತೇ ನಿನ್ನ ತಲೇಲಿ ಇಷ್ಟು ದಿನ ಇದು? ಇನ್ಮೇಲೆ ಹೀಗೇ ಮುಗಿಸೋಣ, ಅಲ್ವಾಪ್ಪ?"

"ಹೂಂ, ಬಲೇ ಕಳೆ ಬಂತು," ಅಂದ ಅಪ್ಪ, ಹಗ್ಗ ಸುತ್ತುತ್ತಾ.

"ಹಾಗಾದ್ರೆ ನಾನು ನುಡಿಸೋದು?" ಅಂದಳು ಗುಬ್ಬಿ.

ಅಕ್ಕ ಅವಳ ಕೆನ್ನೆ ಹಿಂಡಿದಳು. "ನುಡಿಸಿದ್ರೆ ಅವನು ಎದ್ದುಬಿಡ್ತಾನಲ್ಲೇ ಪೆದ್ದಿ."