ವುಲ್ಫ್‌ಹೌಂಡ್ ತರುವ ಮೊದಲು ಗೋಡೆ ನೋಡಿ

ನಮ್ಮ ಗಾಲ್ವೆ ಕಡೆ ಯಾರ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ನಮಗೂ ಒಂದು ವುಲ್ಫ್‌ಹೌಂಡ್ ಬೇಕು." ಯಾಕೆ ಬೇಡ? ಒಂದು ಕಾಲಕ್ಕೆ ತೋಳಗಳನ್ನೇ ಅಟ್ಟಾಡಿಸಿದ ನಾಯಿ. ತೋಳಗಳು ಹೋದ ಮೇಲೆ ತಾನೂ ಇಲ್ಲವಾಗುತ್ತಿತ್ತು, ಕೆಲವರು ಹಠ ಹಿಡಿದು ತಳಿ ಉಳಿಸಿಕೊಂಡರು. ಅದು ಬೀದಿಯಲ್ಲಿ ನಡೆದು ಹೋದರೆ ಐರ್ಲೆಂಡಿನವರಾದ ನಮಗೆ ಎದೆ ಉಬ್ಬುತ್ತದೆ. ನನಗೂ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ?

ನನ್ನ ಗಂಡ ಮ್ಯಾಲಕಿ ಶಾಲೆಯ ಬಸ್ಸು ಓಡಿಸುತ್ತಾನೆ. ಸೇಂಟ್ ಪ್ಯಾಟ್ರಿಕ್ ಹಬ್ಬದ ಮೆರವಣಿಗೆಯಲ್ಲಿ ಈ ನಾಯಿ ನೋಡಿ ಬಂದ ದಿನದಿಂದ ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಪಕ್ಕದೂರಿನ ಡೆಲಿಯಾ ಫೋಲನ್ ಅವರ ಮನೆಯಲ್ಲಿ ಮರಿಗಳಾಗಿವೆ ಎಂದು ತಿಳಿದು ಫೋನ್ ಮಾಡಿದ. ಡೆಲಿಯಾ ಬಹಳ ವರ್ಷಗಳಿಂದ ಈ ತಳಿ ಸಾಕುತ್ತಿರುವ ಹೆಂಗಸು. ಮರಿ ಕೊಡುವುದಕ್ಕಿಂತ ಕೊಡುವುದಿಲ್ಲ ಎನ್ನುವುದರಲ್ಲೇ ಅವರಿಗೆ ಹೆಸರು ಜಾಸ್ತಿ.

"ಮೊದ್ಲು ಮರಿಗಳ ಚಿಕ್ಕಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ. ಮರಿ ಮಾತು ಆಮೇಲೆ," ಎಂದರು.

"ನಾವೇನು ಕಳ್ಳರಾ, ಮನೆ ನೋಡಿ ಮರಿ ಕೊಡೋಕೆ?" ಎಂದು ಮ್ಯಾಲಕಿ ಫೋನ್ ಇಟ್ಟು ಗೊಣಗಿದ.

ಶನಿವಾರ ಮಧ್ಯಾಹ್ನ ಡೆಲಿಯಾ ಜೊತೆ ಚಿಕ್ಕಮ್ಮ, ಅಂದರೆ ಮರಿಗಳ ತಾಯಿನಾಯಿಯ ತಂಗಿ, ಬಂದಳು. ಹೆಸರು ನೆಸ್ಸಾ. ಅಡುಗೆಮನೆ ಬಾಗಿಲು ತುಂಬಿ ಹೋಯಿತು. ನಾಲ್ಕೂ ಕಾಲು ನೆಲದ ಮೇಲಿಟ್ಟುಕೊಂಡೇ ಕತ್ತು ಚಾಚಿ, ಮೇಜಿನ ಮೇಲೆ ಬೆಣ್ಣೆ ಸವರಿಟ್ಟಿದ್ದ ಸೋಡಾ ಬ್ರೆಡ್ಡನ್ನು ಮುಗಿಸಿದಳು. ಅತ್ತ ಬಾಲ ಬೀಸಿದ್ದಕ್ಕೆ ಎರಡು ಟೀ ಕಪ್ಪು ಚೂರಾದವು. ಆಮೇಲೆ ಬಂದು ಮ್ಯಾಲಕಿಗೆ ಒರಗಿ ನಿಂತಳು. ಭಾರ ತಡೆಯಲಾರದೆ ಅವನು ಕುರ್ಚಿಗೆ ಕುಸಿದ.

"ನೋಡೇ ಅಟ್ರ್ಯಾಕ್ಟಾ, ನನ್ನ ಎಷ್ಟು ಹಚ್ಕೊಂಡ್ಳು!" ಎಂದು ನನ್ನ ಹೆಸರು ಹಿಡಿದು ಕೂಗಿದ.

"ಹಚ್ಕೊಂಡಿದ್ದು ನಿನ್ನನ್ನಲ್ಲ, ನಿನ್ನ ಕೈಗಂಟಿದ ಬೆಣ್ಣೇನ," ಎಂದೆ.

"ಡೆಲಿಯಾಕ್ಕ, ಕಳ್ಳರು ಬಂದ್ರೆ ಇವಳು ಬಿಡಲ್ಲ ಅಲ್ವಾ?"

"ಬಿಡಲ್ಲಪ್ಪ. ಹೀಗೇ ಒರಗಿ ನಿಂತು ತಲೆ ಸವರಿಸ್ಕೊಳ್ತಾಳೆ. ಕಾವಲಿಗೆ ಬೇಕಾದ್ರೆ ಬೇರೆ ನಾಯಿ ನೋಡು."

ಎಷ್ಟು ವರ್ಷ ಬದುಕುತ್ತವೆ ಎಂದು ನಾನು ಕೇಳಿದೆ. ಡೆಲಿಯಾ ದನಿ ಇಳಿಯಿತು.

"ಆರು, ಏಳು. ಎಂಟಾದ್ರೆ ಪುಣ್ಯ. ಅಷ್ಟ್ರಲ್ಲಿ ಮನೆಯವ್ರೇ ಆಗಿರ್ತವೆ ಕಣಮ್ಮ. ಕಳ್ಕೊಳ್ಳೋಕೆ ಗುಂಡಿಗೆ ಗಟ್ಟಿ ಇರ್ಬೇಕು. ಮರಿ ಇದ್ದಾಗ ಮೂಳೆ ಎಳೇದು, ಮೆಟ್ಟಿಲು ಹತ್ತಿಸ್ಬಾರ್ದು, ದೂರ ಓಡಿಸ್ಬಾರ್ದು. ದೊಡ್ಡದಾದ್ಮೇಲೆ ದಿನಾ ಓಡೋಕೆ ಜಾಗ ಬೇಕು. ಹೊಟ್ಟೆ ಉಬ್ಬಿ ತಿರುಚ್ಕೊಂಡ್ರೆ ಆ ಕ್ಷಣಾನೇ ಡಾಕ್ಟ್ರ ಹತ್ರ ಓಡ್ಬೇಕು. ಎಲ್ಲಿ, ನಿಮ್ಮ ಗೋಡೆ ತೋರ್ಸಿ."

ಗೋಡೆ ಎಂದ ಕೂಡಲೇ ಮ್ಯಾಲಕಿಗೆ ಹುರುಪು ಬಂತು. ನಮ್ಮ ಹಿತ್ತಲಿನ ಸುತ್ತ ಅವನ ಅಪ್ಪ ಕಟ್ಟಿದ ಕಲ್ಲುಗೋಡೆ ಇದೆ. ಗಾರೆಯಿಲ್ಲ, ಸಿಮೆಂಟಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು. ಎದೆಮಟ್ಟ ಎತ್ತರ. ಆ ಗೋಡೆಗೆ ಯಾರಾದರೂ ಸೈಕಲ್ ಒರಗಿಸಿದರೂ ನನ್ನ ಗಂಡ ಸಿಡಿಮಿಡಿಗೊಳ್ಳುತ್ತಾನೆ.

"ಇವತ್ತಿನವರೆಗೆ ಒಂದು ಕುರಿ ದಾಟಿಲ್ಲ!"

"ಕುರಿ ದಾಟಲ್ಲ, ನಿಜ," ಎಂದರು ಡೆಲಿಯಾ. "ಇವಳು ಕುರಿ ಅಲ್ವಲ್ಲ."

ಅಪ್ಪನನ್ನೇ ಅಂದಂತಾಯಿತು ಅವನಿಗೆ. ಡೆಲಿಯಾ ನೆಸ್ಸಾಳ ಹಗ್ಗವನ್ನು ಅವನ ಕೈಗೆ ಕೊಟ್ಟು, ಗೇಟು ನೋಡಲು ನನ್ನ ಜೊತೆ ಅತ್ತ ತಿರುಗಿದರು. ಅಷ್ಟೇ ಸಾಕಾಯಿತು.

"ನೀವೇ ನೋಡಿ, ದಾಟ್ತಾಳಾ ಅಂತ!" ಎಂದು ಹಗ್ಗದ ಕೊಂಡಿ ಬಿಚ್ಚಿಬಿಟ್ಟ.

ಗೋಡೆಯಾಚೆ ನಮ್ಮ ನೆರೆಯ ಟಾಮ್ ಲಾಲಿಯ ಹೊಲ. ಇನ್ನೇನು ಮರಿ ಹಾಕಬೇಕಿದ್ದ ಗಬ್ಬದ ಕುರಿಗಳು ಮೇಯುತ್ತಿದ್ದವು. ಅವುಗಳ ಕಾಲಬುಡದಿಂದ ಒಂದು ಮೊಲ ಎದ್ದು ಓಡಿತು. ನೆಸ್ಸಾ ಒಂದೇ ನೆಗೆತಕ್ಕೆ ಆಚೆಗಿದ್ದಳು. ಮೇಲಿನ ಕಲ್ಲಿಗೆ ಕಾಲು ಕೂಡ ತಾಗಲಿಲ್ಲ.

ಕುರಿಗಳು ಚೆಲ್ಲಾಪಿಲ್ಲಿಯಾಗಿ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದವು. ಲಾಲಿ ಕೊಟ್ಟಿಗೆಯಿಂದ ಬಂದೂಕು ಹಿಡಿದೇ ಹೊರಬಂದ. ನಮ್ಮಲ್ಲಿ ಕುರಿ ಹಿಂಡಿಗೆ ಬಿದ್ದ ನಾಯಿಗೆ ಗುಂಡು ಹೊಡೆದರೆ ಯಾರೂ ತಪ್ಪೆನ್ನುವುದಿಲ್ಲ.

"ಬೇಡ ಕಣೋ ಲಾಲಿ! ಬೇಡ!" ಮ್ಯಾಲಕಿ ಕೂಗುತ್ತಾ ಗೋಡೆ ಹತ್ತಲು ಹೋಗಿ ಕಲ್ಲುಗಳ ಸಮೇತ ಜಾರಿಬಿದ್ದ.

ಅಷ್ಟರಲ್ಲಿ ಮೊಲ ಎಲ್ಲೋ ಕಲ್ಲಿನ ಸಂದಿಗೆ ನುಸುಳಿತು. ಡೆಲಿಯಾ ಸಿಳ್ಳೆ ಹಾಕಿದರು. ನೆಸ್ಸಾ ನಾಲಿಗೆ ಚಾಚಿಕೊಂಡು, ಏನೂ ಆಗದವಳಂತೆ ವಾಪಸು ಬಂದಳು. ಲಾಲಿ ಬಂದೂಕು ಇಳಿಸಿ, ಒಂದೊಂದೇ ಕುರಿಯ ಹೊಟ್ಟೆ ಮುಟ್ಟಿ ನೋಡಿದ. ಎಲ್ಲವೂ ಸುಖವಾಗಿದ್ದವು. ಗೋಡೆ ಹತ್ತಿರ ಬಂದು ಬಂದೂಕಿನ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ.

"ಡೆಲಿಯಾಕ್ಕನ ನಾಯಿ ಅಂತ ಗುರುತು ಸಿಕ್ತು, ಉಳೀತು. ಇಲ್ದಿದ್ರೆ ಹೊಡೆದೇ ಬಿಡ್ತಿದ್ದೆ ಮ್ಯಾಲಕಿ. ಇವೇ ಕಣೋ ನನ್ನ ಅನ್ನ. ನಾನಾದ್ರೂ ಏನು ಮಾಡ್ಲಿ?"

ಡೆಲಿಯಾ ಬೈಯಲಿಲ್ಲ. ಕೊಂಡಿ ಹಾಕಿಕೊಂಡು ಇಷ್ಟೇ ಹೇಳಿದರು: "ಇವತ್ತು ನನ್ನ ನಾಯಿ ಗುರುತು ಹಿಡಿದ. ನಾಳೆ ನಿನ್ನದನ್ನ ಹಿಡೀತಾನೆ ಅಂತ ಏನು ನಂಬಿಕೆ? ಹಿತ್ತಲೆಲ್ಲ ಬಂಡೆ, ಕಂಬ ನಿಲ್ಲೋದು ಗೋಡೆ ಬುಡದಲ್ಲೇ. ಅಲ್ಲಲ್ಲಿ ಕಲ್ಲು ಕಿತ್ತು, ಇದ್ರ ಉದ್ದಕ್ಕೂ ಕಬ್ಬಿಣದ ಕಂಬ ನಿಲ್ಸಿ, ಆಳೆತ್ತರ ಮೀರೋ ಹಾಗೆ ತಂತಿಬಲೆ ಹಾಕ್ಸು. ಮರಿ ಕೊಡ್ತೀನಿ."

ಮ್ಯಾಲಕಿ ಗೋಡೆಯ ಕಡೆ ಹೋದ. ಬಿದ್ದ ಕಲ್ಲುಗಳನ್ನು ಎತ್ತಿ, ತಿರುಗಿಸಿ ನೋಡಿ, ಮೊದಲಿದ್ದ ಜಾಗಕ್ಕೇ ಕೂರಿಸಿದ. ಕೊನೆಯ ಕಲ್ಲಿಟ್ಟು ನಮ್ಮ ಕಡೆ ತಿರುಗಿದಾಗ ಅವನ ಕಣ್ಣು ತುಂಬಿತ್ತು.

"ಅಪ್ಪನ ಗೋಡೆ ಕಿತ್ತು ಕಂಬ ನೆಡೋಕೆ ನನ್ನ ಕೈಲಾಗಲ್ಲ. ಬೇಲಿ ಇಲ್ದೆ ಮರಿ ತಂದ್ರೆ ಅದನ್ನ ನಾನೇ ಬಂದೂಕಿನ ಮುಂದೆ ನಿಲ್ಲಿಸಿದ ಹಾಗೆ. ಬೇಡ ಡೆಲಿಯಾಕ್ಕ. ಬೇಲಿ ಇರೋ ಮನೆಗೆ ಕೊಡಿ."

"ಮರಿ ಕೇಳೋರು ಬೇಕಾದಷ್ಟು ಜನ ಬರ್ತಾರೆ," ಎಂದರು ಡೆಲಿಯಾ ಅವನ ಕೈ ಹಿಡಿದು. "ಬೇಡ ಅನ್ನೋ ಗಂಡು ಇವತ್ತು ಸಿಕ್ಕ."

ನನಗಾದ ಹೆಮ್ಮೆ ಹೇಳತೀರದು. ಆಸೆಪಟ್ಟಿದ್ದನ್ನು ಅದರ ಒಳ್ಳೆಯದಕ್ಕೇ ಬಿಟ್ಟುಕೊಟ್ಟ ಗಂಡಸು ನನ್ನ ಗಂಡ! ಮರಿ ಬೇರೆ ಊರಿಗೆ, ಎತ್ತರದ ಬೇಲಿಯಿರುವ ಮನೆಗೆ ಹೋಯಿತು. ಭಾನುವಾರ ಪಬ್ಬಿನಲ್ಲಿ ಒಬ್ಬ, ಎರಡು ನಾಯಿ ತಂದು ಎರಡನ್ನೂ ವಾಪಸು ಕೊಟ್ಟವನು, "ಏನಪ್ಪಾ, ನಿನ್ನ ಕೈಲಾಗ್ಲಿಲ್ವಂತೆ?" ಎಂದು ಕೆಣಕಿದ.

"ಆಗ್ಲಿಲ್ಲ," ಎಂದ ಮ್ಯಾಲಕಿ ಎಲ್ಲರಿಗೂ ಕೇಳುವಂತೆ. "ನನಗೆ ತರೋ ಮೊದ್ಲೇ ಗೊತ್ತಾಯ್ತು. ನಿನಗೆ?"

ಇದನ್ನು ಓದುತ್ತಿರುವ ನಿಮಗೂ ದೊಡ್ಡ ಬೇಟೆನಾಯಿಯ ಆಸೆ ಇರಬಹುದು. ಇರಲಿ, ಅದು ಒಳ್ಳೆಯ ಆಸೆ. ಮರಿ ನೋಡಿ ಮರುಳಾಗುವ ಮೊದಲು ಬೆಳೆದ ನಾಯಿಯನ್ನು ಒಂದು ಮಧ್ಯಾಹ್ನ ಮನೆಗೆ ಕರೆಸಿಕೊಳ್ಳಿ. ಬೇಲಿ ಅಳೆಯಿರಿ. ಆಚೆಮನೆಯವರ ಕುರಿ ಕೋಳಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಓಡಲು ಜಾಗ, ಡಾಕ್ಟರ ಖರ್ಚು, ಬೇಗ ಕಳೆದುಕೊಳ್ಳುವ ದುಃಖ, ಇವನ್ನು ಮನೆಯವರೆಲ್ಲ ಕೂತು ಮಾತಾಡಿ. ಎಲ್ಲದಕ್ಕೂ ಸಿದ್ಧವಿದ್ದರೆ ತನ್ನಿ, ತಲೆಯೆತ್ತಿ ಸಾಕಿ. ಒಂದಕ್ಕಾದರೂ ಇಲ್ಲವೆಂದರೆ ಬೇಡ ಎನ್ನಿ. ಹಾಗೆಂದದ್ದಕ್ಕೆ ಯಾರಾದರೂ ನಕ್ಕರೆ ನಮ್ಮ ಮನೆಗೆ ಕಳಿಸಿ, ಮ್ಯಾಲಕಿ ಮಾತಾಡಿಕೊಳ್ಳುತ್ತಾನೆ.