ಸತ್ತವಳ ಕುರ್ಚಿ

ಖರ್ಜೂರ ತುಂಬುವ ಷೆಡ್ಡಿನ ತಗಡಿನ ಮಾಡು ಕಾದ ಹೆಂಚಿನ ಹಾಗಿತ್ತು. ಎಲೋಯ್ಸಾ ಅರ್ಧ ದಿನದ ಕೂಲಿ ಬಿಟ್ಟು, ಅಂಟು ಕೈಯಲ್ಲೇ ಅಮ್ಮನನ್ನು ಕರೆದುಕೊಂಡು ಮತ್ತೆ ಸರ್ಕಾರಿ ಕಚೇರಿಗೆ ಹೊರಟಳು. ಅಮ್ಮ ಕಸಿಲ್ದಾ ತಾನು ಬದುಕಿದ್ದೇನೆಂದು ರುಜುವಾತು ಮಾಡಬೇಕಿತ್ತು. ಕಚೇರಿಯ ಲೆಕ್ಕದಲ್ಲಿ ಅವಳು ಮಗುವಾಗಿದ್ದಾಗಲೇ ಸತ್ತಿದ್ದಳು.

ಆದದ್ದು ಇಷ್ಟು. ಕಸಿಲ್ದಾಳ ಅಜ್ಜಿ ತೀರಿಕೊಂಡಾಗ ಅವರ ಕಹುಯಿಲಾ ಬುಡಕಟ್ಟಿನ ಪದ್ಧತಿಯಂತೆ ಅವಳ ಗುಡಿಸಲು, ಬುಟ್ಟಿ, ಬಟ್ಟೆ ಎಲ್ಲವನ್ನೂ ಸುಟ್ಟರು. ಅಷ್ಟರಲ್ಲಿ ಜನಗಣತಿಯವನು ಬಂದು ಸತ್ತವರು ಯಾರೆಂದು ಕೇಳಿದ. ಸತ್ತವರ ಹೆಸರನ್ನು ಆ ಜನ ನಾಲಿಗೆಗೆ ತರುವುದಿಲ್ಲ. ಕಸಿಲ್ದಾಳ ತಾಯಿ ಸುಮ್ಮನೆ ಬೂದಿಯ ಕಡೆ ಗದ್ದದಿಂದ ಸನ್ನೆ ಮಾಡಿದಳು. ಬೂದಿಯ ಮುಂದೆ ಮೂಗು ಸುರಿಸುತ್ತ ಕಸಿಲ್ದಾ ನಿಂತಿದ್ದಳು. ಆ ಪುಣ್ಯಾತ್ಮ ಮಗುವನ್ನೇ ಹೆಸರು ಕೇಳಿ, ಸತ್ತಿದೆ ಎಂದು ಬರೆದುಕೊಂಡು ಹೋದ.

ಸತ್ತ ಮಗು ಬೆಳೆಯಿತು, ಮದುವೆಯಾಯಿತು, ಐದು ಹೆತ್ತಿತು. ಯಾರಿಗೂ ತೊಂದರೆಯಿರಲಿಲ್ಲ. ಈಗ ಅವರ ಮನೆಯಿದ್ದ ನೆಲದ ಮೇಲೆ ಹೋಟೆಲಿನವರ ಕಣ್ಣು ಬಿದ್ದಿತ್ತು. ವಂಶಾವಳಿ ತೋರಿಸಿ, ಇಲ್ಲವೇ ಜಾಗ ಖಾಲಿ ಮಾಡಿ ಎಂದು ಅಪ್ಪಣೆಯಾಯಿತು.

ಅಧಿಕಾರಿ ಪೆಟಿಗ್ರೂ ಬಲು ಮರ್ಯಾದಸ್ಥ. ಸತ್ತವಳಿಗೂ ಕುರ್ಚಿ ಕೊಡುತ್ತಿದ್ದ. ಸತ್ತ ಮಗು ಐದು ಹೆರುವುದು ಹೇಗೆ ಎಂದು ಬೇಸರದಿಂದ ಕೇಳುತ್ತಿದ್ದ. ಅಜ್ಜಿಯ ಹೆಸರು ಹೇಳಿದರೆ ತಿದ್ದಬಹುದು ಎನ್ನುತ್ತಿದ್ದ. ಹೋಗಲಿ, ಅಜ್ಜಿಯ ಸಾಮಾನು ಏನಾದರೂ ಇದೆಯೇ? ಸುಟ್ಟೆವು. ಸುಟ್ಟಿದ್ದಕ್ಕೆ ಸಾಕ್ಷಿ? ಎಲೋಯ್ಸಾ ಹಳೇ ಜಾಗ ಕೆದಕಿ ಡಬ್ಬಿಯಲ್ಲಿ ಬೂದಿ ತಂದಳು. ಬೂದಿ ಯಾರದಾದರೂ ಆಗಬಹುದು ಎಂದು ಅವನು ಡಬ್ಬಿ ಹಿಂದಕ್ಕೆ ಕೊಟ್ಟ.

ಎಲೋಯ್ಸಾಗೆ ಅಳು ಬಂತು. "ಒಂದೇ ಒಂದ್ಸಲ ಹೆಸ್ರು ಹೇಳ್ಬಿಡಮ್ಮ," ಎಂದು ಬೇಡಿಕೊಂಡಳು.

"ನೆಲ ಉಳಿಸ್ಕೊಳ್ಳೋಕೆ ಅಜ್ಜೀನ ಮಾರ್ಕೊಳ್ಲಾ?" ಎಂದಳು ಅಮ್ಮ.

ಪೆಟಿಗ್ರೂ ಫೈಲಿಗೆ ಕೊನೆಯ ಮೊಹರು ಒತ್ತಿದ. ಕಸಿಲ್ದಾ ನಿಧಾನಕ್ಕೆ ಎದ್ದಳು.

"ನಾನು ಸತ್ತಿರೋದು ಖಂಡಿತಾನಾ ಸಾಹೇಬ್ರೆ?"

"ಕಾನೂನಿನ ಪ್ರಕಾರ ಹೌದಮ್ಮ."

"ಸರಿ ಬಿಡಿ. ಎಲೋಯ್ಸಾ, ನನ್ನ ಸಾಮಾನು ಸುಡ್ಬೇಕು ಕಣೆ. ಇಷ್ಟು ದಿನ ಕೂತ ಕುರ್ಚಿ ಇದು. ಫೈಲೂ ನಂದೇ. ತಗೊಂಡು ನಡಿ."

ಅಮ್ಮನಿಗೆ ಬುದ್ಧಿ ಕೆಟ್ಟಿತು ಅಂದುಕೊಂಡಳು ಎಲೋಯ್ಸಾ. ಆಮೇಲೆ ಅವಳ ಮುಖ ನೋಡಿದಳು. ಫೈಲನ್ನು ಕಂಕುಳಿಗೆ ಸೇರಿಸಿಕೊಂಡಳು.

ವರಾಂಡದಲ್ಲಿ ಕಾದಿದ್ದವರೆಲ್ಲ ಎದ್ದರು. ಅವರಲ್ಲಿ ಕಚೇರಿಯ ಲೆಕ್ಕದಲ್ಲಿ ಇನ್ನೂ ಹುಟ್ಟದವರಿದ್ದರು, ತಮ್ಮ ಚಿಕ್ಕಪ್ಪನಿಗೆ ತಾವೇ ಅಪ್ಪ ಆದವರಿದ್ದರು. ನಾಲ್ವರು ಕುರ್ಚಿಯನ್ನು ಹೆಣ ಹೊತ್ತಂತೆ ಅಂಗಳಕ್ಕೆ ಹೊತ್ತರು. ಮುದುಕನೊಬ್ಬ ಸೋರೆಬುರುಡೆಯ ಗಿಲಕಿ ಆಡಿಸುತ್ತ ಸಾವಿನ ಹಾಡು ತೆಗೆದ. ಕಸಿಲ್ದಾಳೂ ದನಿಗೂಡಿಸಿದಳು. ತನ್ನ ಸಾವಿಗೆ ತಾನು ಹಾಡದಿದ್ದರೆ ಹೇಗೆ?

ಪೆಟಿಗ್ರೂ ಓಡಿ ಬಂದ. "ಕಸಿಲ್ದಾ, ನಿಲ್ಲಿಸಿ," ಎಂದು ಕೂಗಿದ.

ಸತ್ತವರ ಹೆಸರು ಕರೆಯಬಾರದು ಎಂದು ಯಾರೋ ಮೆಲ್ಲಗೆ ಬುದ್ಧಿ ಹೇಳಿದರು.

ಎಲೋಯ್ಸಾ ಫೈಲನ್ನು ಕುರ್ಚಿಯ ಮೇಲಿಟ್ಟು ಕಡ್ಡಿ ಗೀರಿದಳು.

"ಏನ್ ಮಾಡ್ತಿದೀರಿ ನೀವು? ಆಕೆ ಬದುಕಿದ್ದಾಳೆ ಕಣ್ರೀ. ಕಣ್ಣೆದುರಿಗೇ ನಿಂತಿದ್ದಾಳೆ!" ಎಂದು ಪೆಟಿಗ್ರೂ ಚೀರಿದ.

ಹಾಡು ನಿಂತಿತು. ಎಲೋಯ್ಸಾ ಕುರ್ಚಿಯ ಮೇಲಿದ್ದ ಫೈಲನ್ನು ಅವನ ಕಡೆ ಸರಿಸಿದಳು.

"ಅದನ್ನೇ ಇದ್ರಲ್ಲಿ ಬರೀರಿ ಸಾಹೇಬ್ರೆ."

ಅವನು ಪೆನ್ನು ತೆಗೆಯಲಿಲ್ಲ. ಕಡ್ಡಿ ಉರಿದು ಬೆರಳು ಮುಟ್ಟಿತು. ಅವಳು ಇನ್ನೊಂದು ಗೀರಿದಳು.